ಮಾದರಿ ಮನೆಯ ನಿವಾಸಿ

ಮೊದಲೇ ಹೇಳಿಬಿಡುವುದು ಒಳ್ಳೆಯದು, ಕೊನೇಸ್ಟಾಪ ಕೆಟ್ಟ ಹುಡುಗನಲ್ಲ. ಸುಳ್ಳುಗಾರನಂತೂ ಅಲ್ಲವೇ ಅಲ್ಲ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಚುರುಕುತನ ಬೇಕಾಗುತ್ತದೆ ಸ್ವಾಮಿ, ಅದು ಇವನ ಹತ್ತಿರ ಸುಳಿದಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ಇವನಿಗೆ ಸಹಪಾಠಿಗಳು ಆ ಹೆಸರಿಟ್ಟಿದ್ದು, ದಿನಾ ಬೆಳಿಗ್ಗೆ ಬಸ್ಸಿನ ಕಟ್ಟಕಡೆಯ ನಿಲ್ದಾಣದಿಂದ ಚಪ್ಪಲಿಗೆ ಸಿಮೆಂಟು ಮೆತ್ತಿಕೊಂಡು ಬರುತ್ತಿದ್ದನೆಂಬ ಕಾರಣಕ್ಕೆ. ತರ್ಕಶಾಸ್ತ್ರ ಓದುವವನು ಅಷ್ಟು ದೂರ ಹೋಗಿ ಬಿದ್ದಿದ್ದರ ಹಿಂದೆ ಯಾವ ತರ್ಕವೂ ಇರಲಿಲ್ಲ.

ಹಾಸ್ಟೆಲ್ಲಿನಲ್ಲಿ ಜಾಗ ಕೊಡುವ ದಿನ ಅವನು ಬೆಳಗಿನಿಂದ ಶಿಸ್ತಾಗಿ ಸಾಲಿನಲ್ಲಿ ನಿಂತಿದ್ದ. ತನ್ನ ಸರದಿ ಬಂದಾಗಲೇ ಗೊತ್ತಾಗಿದ್ದು, ಅದು ರಕ್ತದಾನದ ಸಾಲೆಂದು. ಇಷ್ಟು ಹೊತ್ತು ನಿಂತು ಸುಮ್ಮನೆ ಹೋಗುವುದು ಮರ್ಯಾದೆಯಲ್ಲವೆಂದು ರಕ್ತ ಕೊಟ್ಟ, ಅವರು ಕೊಟ್ಟ ಬಿಸ್ಕತ್ತು ತಿಂದ, ತಲೆ ಸುತ್ತು ನಿಲ್ಲುವವರೆಗೆ ಮಲಗಿ ಎದ್ದ. ಹಾಸ್ಟೆಲ್ ಕಚೇರಿ ತಲುಪುವಷ್ಟರಲ್ಲಿ ಗುಮಾಸ್ತ ಬಾಗಿಲಿಗೆ ಬೀಗ ಹಾಕುತ್ತಿದ್ದ.

"ಜಾಗ ಎಲ್ಲಾ ಮುಗೀತಪ್ಪಾ."

"ಸಾರ್, ನಾನು ರಕ್ತ ಕೊಟ್ಟು ಬಂದಿದೀನಿ."

"ನಾವು ರಕ್ತ ಕೇಳಿರಲಿಲ್ಲವಲ್ಲ," ಎಂದ ಗುಮಾಸ್ತ ಬೀಗ ಎಳೆದು ನೋಡುತ್ತಾ, "ಫೋಟೋ ಕೇಳಿದ್ವಿ."

ಸರಿ, ಊರೊಳಗೆ ಬಾಡಿಗೆ ರೂಮು ಕೇಳಿದ. ಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಆ ಮನೆಯವರ ಮೆಟ್ಟಿಲ ಮೇಲೆಯೇ ಕೂತ. ಆಮೇಲೆ ಬಸ್ಸು ಹತ್ತಿ, ಒಂದೊಂದು ನಿಲ್ದಾಣದಲ್ಲೂ ಇಳಿದು ವಿಚಾರಿಸುತ್ತಾ ಹೊರಟ. ನಿಲ್ದಾಣ ದಾಟಿದಂತೆ ಬಾಡಿಗೆ ಇಳಿಯುತ್ತಿತ್ತು, ಆದರೆ ಇವನ ಕೈಗೆಟುಕುವಷ್ಟು ಇಳಿಯುವ ಮೊದಲೇ ಬಸ್ಸಿನ ದಾರಿ ಮುಗಿದುಹೋಯಿತು. "ಇಳೀರಿ, ಇನ್ನು ಮುಂದೆ ಊರಿಲ್ಲ," ಎಂದ ಕಂಡಕ್ಟರ್. ಇಳಿದು ನೋಡಿದರೆ ನಿಜವಾಗಿಯೂ ಊರಿರಲಿಲ್ಲ. ಜಲ್ಲಿಯ ಗುಡ್ಡೆ, ತುಕ್ಕು ಹಿಡಿದ ಸರಳು, ಒಂದು ಚಹಾದ ಗೂಡಂಗಡಿ, ಅರ್ಧ ಎದ್ದು ಸುಸ್ತಾಗಿ ನಿಂತ ಒಂದು ಅಪಾರ್ಟ್‌ಮೆಂಟು. ಅದರ ಮುಂದೆ, ಹಲ್ಲೆಲ್ಲ ಬಿಟ್ಟು ನಗುತ್ತಿರುವ ಸಂಸಾರವೊಂದರ ದೊಡ್ಡ ಫಲಕ.

ಫಲಕದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವನು ಆ ಕಟ್ಟಡದ ಮನೆಗಳನ್ನು ಮಾರುವ ಆಸಾಮಿ. ಕತ್ತಿಗೆ ಟೈ, ಕಾಲಿಗೆ ಹವಾಯಿ ಚಪ್ಪಲಿ. ಗಾರೆ ಕೆಲಸದವರು ಅವನನ್ನು ಟೈ ಸಾಹೇಬ ಎನ್ನುತ್ತಿದ್ದರು.

"ಬಾಡಿಗೆಗೆ ರೂಮೇನಾದ್ರೂ..." ಎಂದು ಕೊನೇಸ್ಟಾಪ ಬಾಯಿ ತೆರೆದ.

ಟೈ ಸಾಹೇಬ ಅವನನ್ನು ಮೇಲಿಂದ ಕೆಳಗೆ ನೋಡಿದ. "ಓದ್ತಿದೀಯಾ?"

"ಹೌದು ಸಾರ್."

"ಕನ್ನಡಕ ನಿಂದೇನಾ?"

"ನಂದೇ ಸಾರ್."

"ಪುಸ್ತಕ ಹಿಡ್ಕೊಂಡು ಸುಮ್ನೆ ಕೂತಿರೋಕೆ ಬರುತ್ತಾ?"

"ಅದೊಂದೇ ಸಾರ್ ನಂಗೆ ಬರೋದು."

"ಬಾಡಿಗೆ ಬೇಡ. ಇವತ್ತೇ ಬಂದುಬಿಡು."

ಇಡೀ ಕಟ್ಟಡದಲ್ಲಿ ಮುಗಿದಿದ್ದು ಮೂರನೇ ಅಂತಸ್ತಿನ ಒಂದೇ ಒಂದು ಮನೆ. ಅದೂ ಮುಗಿದಂತೆ ಕಾಣುತ್ತಿತ್ತು ಅಷ್ಟೇ. ಕೊಳ್ಳಲು ಬಂದವರಿಗೆ ತೋರಿಸುವ ಮಾದರಿ ಮನೆ ಅದು. ಟೀವಿ ರಟ್ಟಿನದು, ಹಣ್ಣು ಮೇಣದ್ದು, ಫ್ರಿಜ್ಜು ಬರೀ ಹೊರಗಿನ ಡಬ್ಬ. ಕಪಾಟಿನ ಪುಸ್ತಕಗಳಿಗೆ ಬೆನ್ನಿತ್ತು, ಒಳಗೆ ಹಾಳೆಗಳಿರಲಿಲ್ಲ. ರೂಮು ದೊಡ್ಡದಾಗಿ ಕಾಣಲೆಂದು ಸೋಫಾ, ಮೇಜು, ಮಂಚ ಎಲ್ಲವನ್ನೂ ಕುಗ್ಗಿಸಿ ಮಾಡಿಸಿದ್ದರು. ಆ ಮಂಚದ ಮೇಲೆ ಮಲಗಲು ಕೊನೇಸ್ಟಾಪ ಮೊಣಕಾಲನ್ನು ಗಲ್ಲಕ್ಕೆ ತಗುಲಿಸಿಕೊಳ್ಳುವುದನ್ನು ಕಲಿಯಬೇಕಾಯಿತು. ನಲ್ಲಿಗಳು ಥಳಥಳ ಹೊಳೆಯುತ್ತಿದ್ದವು, ಅವುಗಳ ಹಿಂದೆ ಪೈಪಿರಲಿಲ್ಲ. ನೀರು ಬೇಕೆಂದರೆ ಕಟಕಟೆಯಿಲ್ಲದ ಮೆಟ್ಟಿಲಿಳಿದು ವಾಚ್‌ಮನ್ನಿನ ಡ್ರಮ್ಮಿಗೆ ಹೋಗಬೇಕು, ಉಳಿದ ವ್ಯವಹಾರಗಳಿಗೆ ಗಾರೆಯವರ ತಗಡಿನ ಶೆಡ್ಡಿಗೆ.

ಬಾಡಿಗೆಯ ಬದಲು ಅವನು ಮಾಡಬೇಕಾದ ಕೆಲಸ ಸುಲಭದ್ದು. ಖಾಲಿ ಕಟ್ಟಡದಲ್ಲಿ ಮನೆ ಕೊಳ್ಳಲು ಜನ ಹೆದರುತ್ತಾರೆ. ಒಳಗೊಬ್ಬ ಕನ್ನಡಕದ ಹುಡುಗ ಓದುತ್ತಾ ಕೂತಿದ್ದರೆ ಅವರಿಗೆ ಧೈರ್ಯ ಬರುತ್ತದೆ. ಆದ್ದರಿಂದ ಗಿರಾಕಿಗಳು ಬಂದಾಗ ಅವನು ಆ ಮನೆಯ ಯಜಮಾನರ ಮಗನಾಗಿ ಸೋಫಾದಲ್ಲಿ ಕೂರಬೇಕು. ಇಷ್ಟಕ್ಕೇ ಟೈ ಸಾಹೇಬ ಎರಡು ದಿನ ಗಂಟಲು ಹರಿದುಕೊಂಡ.

"ಗಾಳಿ ಬೆಳಕು ಹೇಗೆ ಅಂತ ಕೇಳಿದ್ರೆ ಏನಂತೀಯಾ?"

"ಗಾಳಿ ಚೆನ್ನಾಗಿ ಬರುತ್ತೆ, ಪಕ್ಕದ ಮನೆಗಳಿಗೆ ಗೋಡೆ ಇಲ್ವಲ್ಲ."

"ಅಯ್ಯೋ ಮಾರಾಯಾ! 'ಚೆನ್ನಾಗಿದೆ' ಅನ್ನು, ಬಾಯಿ ಮುಚ್ಕೋ. ನಲ್ಲಿ ತಿರುಗಿಸೋಕೆ ಹೋದ್ರೆ?"

"ಬರಲ್ಲ ಅಂತೀನಿ."

"ನನ್ನ ಹೊಟ್ಟೆ ಮೇಲೆ ಹೊಡೀಬೇಡ್ವೋ! 'ಟ್ಯಾಂಕ್ ತೊಳೀತಿದಾರೆ, ಸಂಜೆ ಬರುತ್ತೆ.' ಎಲ್ಲಿ, ಹೇಳು."

"ಸಂಜೆ ತೊಳೀತಿದಾರೆ, ಟ್ಯಾಂಕ್ ಬರುತ್ತೆ."

ಟೈ ಸಾಹೇಬ ಹಣೆ ಚಚ್ಚಿಕೊಂಡ. ಆದರೆ ಹೇಳಿ ಹೇಳಿ, ಕೊನೆಗೆ ಆ ಮಾತು ಅವನಿಗೆ ಎಷ್ಟು ಬಾಯಿಪಾಠವಾಯಿತೆಂದರೆ, ನಲ್ಲಿಯ ಕಡೆ ಯಾರು ಕೈ ಚಾಚಿದರೂ ಅದು ತಾನಾಗಿ ಬಾಯಿಂದ ಉದುರುತ್ತಿತ್ತು. ತರಗತಿಯಲ್ಲಿ ಸಹಪಾಠಿಯೊಬ್ಬ ಕೈ ತೊಳೆಯಲು ಹೋದಾಗಲೂ ಉದುರಿತು. ಆ ದಿನ ಇಡೀ ತರಗತಿ ಕೈ ತೊಳೆಯದೆ ಊಟ ಮಾಡಿತು.

ಇಷ್ಟಕ್ಕೇ ಮುಗಿದಿದ್ದರೆ ಕತೆ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಅವನಿಗೊಬ್ಬ ತಾಯಿಯಿದ್ದಳು, ತಾಯಿಗೆ ಮಗ ಎಲ್ಲಿ ಮಲಗುತ್ತಾನೆಂಬ ಚಿಂತೆಯಿತ್ತು. ದಿನವೂ ಫೋನಿನಲ್ಲಿ ಅದೇ ರಾಗ. "ಒದ್ದೆ ಗೋಡೆಯ ರೂಮಾ ಮಗಾ? ಇಲಿ ಇದ್ಯಾ?" ಕೇಳಿ ಕೇಳಿ ಬೇಸತ್ತು ಅವನು ಒಂದು ದಿನ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಪಕ್ಕಕ್ಕೆ ಹಣ್ಣಿನ ಬುಟ್ಟಿ ಎಳೆದುಕೊಂಡು, ವಾಚ್‌ಮನ್ನಿನಿಂದ ಒಂದು ಫೋಟೋ ತೆಗೆಸಿ ಕಳಿಸಿಬಿಟ್ಟ. ಒಂದೇ ಒಂದು ಫೋಟೋ. ಅಷ್ಟೂ ಜಂಭ ಬೇಡವೇ ಮನುಷ್ಯನಿಗೆ?

ಅಮ್ಮ ಅತ್ತುಬಿಟ್ಟಳು. "ಹಣ್ಣು ಇಟ್ಕೊಂಡು ಕೊಳೆಸ್ಬೇಡ, ತಿನ್ನು," ಎಂದಳು. ಆಮೇಲೆ ಫೋನು ಹಿಡಿದು ಬೀದಿಗಿಳಿದಳು. ಪಕ್ಕದ ಮನೆಯಾಕೆ ಟೀವಿಯ ಗಾತ್ರ ನೋಡಿ ತನ್ನ ಗಂಡನನ್ನು ಬೈದಳು, ಎದುರು ಮನೆಯಾಕೆ ಸೋಫಾದ ಬಣ್ಣ ನೋಡಿ ಊಟ ಬಿಟ್ಟಳು. ಹೀಗೆ ಕೈಯಿಂದ ಕೈಗೆ ಹೋಗಿ ಆ ಫೋಟೋ ಕೊನೆಗೆ ಮಾವನ ಕಣ್ಣಿಗೆ ಬಿತ್ತು.

ಮಾವ ಎಂದರೆ ಅಮ್ಮನ ತಮ್ಮ. ಕೊನೇಸ್ಟಾಪ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡಿದ್ದರಿಂದ, ಅವನ ಸ್ಕೂಲು, ಕಾಲೇಜು, ಕನ್ನಡಕ ಎಲ್ಲ ಮಾವನದೇ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಜೀವನಪೂರ್ತಿ ಅಂಗಡಿಗಳ ತಕ್ಕಡಿ ಎತ್ತಿ, ಬಟ್ಟೆಯಂಗಡಿಯ ಮೀಟರ್ ಕಡ್ಡಿ ಅಳೆದು, ಪೆಟ್ರೋಲ್ ಬಂಕಿನಲ್ಲಿ ಪಾತ್ರೆ ಹಿಡಿದು ನಿಂತವರು. ಜೇಬಿನಲ್ಲಿ ಸದಾ ಒಂದು ಟೇಪು. ಮೋಸವೆಂಬುದು ಪ್ರಪಂಚದಲ್ಲಿ ಎಲ್ಲಿದ್ದರೂ ಅಳತೆಯಲ್ಲೇ ಇರುತ್ತದೆ, ಅಳತೆ ಸರಿಯಿದ್ದರೆ ಮಿಕ್ಕಿದ್ದೂ ಸರಿ ಎಂಬುದು ಅವರ ಗಟ್ಟಿ ನಂಬಿಕೆ. ಈಗ ನಿವೃತ್ತಿ ಬಂದಿತ್ತು. ಸರ್ಕಾರಿ ವಸತಿಗೃಹ ಬಿಡಬೇಕಾಗಿತ್ತು. ಜೀವಮಾನದ ದುಡಿಮೆಯೆಲ್ಲ ಒಟ್ಟಿಗೆ ಕೈಗೆ ಬಂದಿತ್ತು, ಎಲ್ಲಿಡಬೇಕೆಂದು ತೋಚದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವರು ಫೋನು ಮಾಡಿದರು. "ಏನೋ, ಬಾಡಿಗೆ ಎಷ್ಟೋ?"

"ಬಾಡಿಗೆ... ತಗೊಳ್ಳಲ್ಲ ಮಾವ. ಮಾಲೀಕರು ಒಳ್ಳೆಯೋರು."

"ಬಾಡಿಗೆ ತಗೊಳ್ಳದ ಮಾಲೀಕರಾ? ಅಂಥಾ ಜಾಗವೂ ಇದೆಯಾ? ಗಾಳಿ ಬೆಳಕು?"

"ಚೆನ್ನಾಗಿದೆ."

"ನೀರು?"

ಕೊನೇಸ್ಟಾಪ ಕೆಳಗಿನ ಡ್ರಮ್ಮಿನ ಕಡೆ ನೋಡಿದ. ಡ್ರಮ್ಮಿನಲ್ಲಿ ನೀರಿತ್ತು. "ಇದೆ ಮಾವ," ಎಂದ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ, ಸಮಾಧಾನವಾಗಲಿಲ್ಲ.

ಪರೀಕ್ಷೆಗೆ ವಾರವಿರುವಾಗ, ಒಂದು ಮೋಡ ಕವಿದ ಭಾನುವಾರ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವನು ಅಭ್ಯಾಸಬಲದಿಂದ ಸೋಫಾಕ್ಕೆ ಹಾರಿ, ಪುಸ್ತಕ ಬಿಡಿಸಿ, ಮುಖದ ಮೇಲೆ ಸುಖ ತಂದುಕೊಂಡ. ಟೈ ಸಾಹೇಬ ಗಿರಾಕಿಗಳನ್ನು ಕರೆದುಕೊಂಡು ಒಳಗೆ ಬಂದ. ಗಿರಾಕಿಗಳು ಮಾವ ಮತ್ತು ಅತ್ತೆ.

ಅದೇ ಕಟ್ಟಡದಲ್ಲಿ ಮನೆ ಕೊಂಡು ಅಳಿಯನನ್ನು ಬೆಚ್ಚಿಬೀಳಿಸಬೇಕೆಂದು ಹೇಳದೆ ಕೇಳದೆ ಬಂದಿದ್ದ ಮಾವ ಎರಡೂ ಕೈ ಚಾಚಿ "ಏನೋ..." ಎನ್ನುವಷ್ಟರಲ್ಲಿ ಟೈ ಸಾಹೇಬ ತನ್ನ ಪಾಠ ಶುರು ಮಾಡಿಬಿಟ್ಟ.

"ಸಾರ್, ಇವರು ಈ ಮನೆ ಯಜಮಾನರ ಮಗ. ತಂದೆಯವರು ವಿದೇಶದಲ್ಲಿ ನ್ಯಾಯಾಧೀಶರು. ಮೊನ್ನೆ ತಾನೇ ಬಂದು ಹೋದ್ರು."

ಮಾವನ ಕೈ ಗಾಳಿಯಲ್ಲೇ ನಿಂತಿತು. ಇಪ್ಪತ್ತು ವರ್ಷದ ಹಿಂದೆ ತಾವೇ ಹೆಗಲು ಕೊಟ್ಟು ಕಳಿಸಿದ್ದ ಭಾವ ಮೊನ್ನೆ ತಾನೇ ಬಂದು ಹೋಗಿದ್ದರು, ಅದೂ ನ್ಯಾಯಾಧೀಶರಾಗಿ. ಅತ್ತೆ "ಅಯ್ಯೋ" ಎಂದು ಬಾಯಿಗೆ ಸೆರಗು ಹಿಡಿದರು. ಕೊನೇಸ್ಟಾಪನ ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿ ಮಾವನಿಗೆ ಎಲ್ಲ ಅರ್ಥವಾಯಿತು, ಅಂದರೆ ಎಲ್ಲ ತಪ್ಪಾಗಿ ಅರ್ಥವಾಯಿತು. ಪಾಪ, ಅಪ್ಪನಿಲ್ಲದ ಹುಡುಗ, ದೊಡ್ಡವರ ನಡುವೆ ಇರಬೇಕಲ್ಲ, ಮರ್ಯಾದೆಗೆಂದು ಏನೋ ಹೇಳಿಕೊಂಡಿದ್ದಾನೆ. ಈಗ ತಾನು ಮಾವನೆಂದು ಬಾಯಿಬಿಟ್ಟರೆ ಅವನ ಮಾನ ಹೋಗುತ್ತದೆ, ಬಾಡಿಗೆಯಿಲ್ಲದ ಮನೆಯೂ ಹೋಗುತ್ತದೆ. ಮಾವ ಚಾಚಿದ ಕೈಗಳನ್ನು ಹಾಗೇ ಜೋಡಿಸಿದರು.

"ನಮಸ್ಕಾರ," ಎಂದರು ಅಳಿಯನಿಗೆ. "ತಂದೆಯವರು ಆರೋಗ್ಯವಾಗಿದಾರಾ?"

"ಮಾ... ಹೂಂ. ಹಾಗೇ ಇದಾರೆ," ಎಂದ ಕೊನೇಸ್ಟಾಪ.

ಅಲ್ಲಿಂದ ನಡೆದದ್ದನ್ನು ಹೇಳಲು ಸಂಕಟವಾಗುತ್ತದೆ. ಅವನು ಕಣ್ಣಲ್ಲೇ ಬೇಡ ಬೇಡ ಎಂದು ಸನ್ನೆ ಮಾಡಿದ. ಮಾವ, ಹೆದರಬೇಡ, ಹೇಳುವುದಿಲ್ಲ ಎಂದು ಕಣ್ಣು ಮಿಟುಕಿಸಿದರು. ಅವನು ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದ. ಮಾವ ತುಟಿಗೆ ಬೆರಳಿಟ್ಟು ಆಣೆ ಮಾಡಿದಂತೆ ಎದೆ ಮುಟ್ಟಿಕೊಂಡರು. ಇವರಿಬ್ಬರ ಅಭಿನಯ ಕಂಡ ಟೈ ಸಾಹೇಬ, "ಸಾರ್‌ಗೆ ಕಣ್ಣಿಗೇನೋ ಧೂಳು ಬಿದ್ದಿರಬೇಕು, ಹೊರಗಡೆ ಸ್ವಲ್ಪ ಕೆಲಸ ನಡೀತಿದೆ ನೋಡಿ," ಎಂದು ಕಿಟಕಿ ಮುಚ್ಚಿದ.

ಮಾವ ಜೇಬಿನಿಂದ ಟೇಪು ತೆಗೆದರು. ಟೈ ಸಾಹೇಬನ ಕೈಗೆ ಒಂದು ತುದಿ ಕೊಟ್ಟು, ಮಂಡಿಯೂರಿ, ಹಾಲಿನ ಉದ್ದ ಅಳೆದರು, ಅಗಲ ಅಳೆದರು, ಕುರ್ಚಿ ಹತ್ತಿ ಎತ್ತರ ಅಳೆದರು. ಟೈ ಸಾಹೇಬ ಕೊಟ್ಟಿದ್ದ ಕಾಗದದಲ್ಲಿ ಬರೆದಿದ್ದಕ್ಕೂ ಗೋಡೆಗೂ ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ. ಅಡುಗೆಮನೆ ಅಳೆದರು, ಅದೂ ಸರಿ. ಅವರ ಮುಖದಲ್ಲಿ ಸಂತೋಷ ಏರುತ್ತಾ ಹೋಯಿತು.

"ಎಷ್ಟು ಕಾಲವಾಯ್ತು ಕಣೇ, ಇಷ್ಟು ಪ್ರಾಮಾಣಿಕವಾದ ಅಳತೆ ನೋಡಿ," ಎಂದರು ಹೆಂಡತಿಗೆ.

"ಅಳತೆ ಇರ್ಲಿ, ನೀರು ನೋಡ್ಬೇಡ್ವಾ?" ಎನ್ನುತ್ತಾ ಅತ್ತೆ ಅಡುಗೆಮನೆಯ ನಲ್ಲಿಗೆ ಕೈ ಚಾಚಿದರು.

ಕೊನೇಸ್ಟಾಪ ಬಾಗಿಲಲ್ಲೇ ನಿಂತಿದ್ದ. ಸುಮ್ಮನಿದ್ದರೆ ಸಾಕಾಗಿತ್ತು. ಅತ್ತೆ ತಿರುಗಿಸುತ್ತಿದ್ದರು, ನಲ್ಲಿ ಒಣಗಿದ ಉಸಿರು ಬಿಡುತ್ತಿತ್ತು, ಎಲ್ಲ ಮುಗಿದುಹೋಗುತ್ತಿತ್ತು. ಅವನಿಗೆ ಬೇಕಾಗಿದ್ದೂ ಅದೇ. ಆದರೆ ಕೈ ನಲ್ಲಿಯ ಹತ್ತಿರ ಹೋದದ್ದೇ ತಡ, ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಟ್ಯಾಂಕ್ ತೊಳೀತಿದಾರೆ, ಸಂಜೆ ಬರುತ್ತೆ."

ಅಷ್ಟು ಸ್ಪಷ್ಟವಾಗಿ ಅವನು ಅದನ್ನು ಹಿಂದೆಂದೂ ಹೇಳಿರಲಿಲ್ಲ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಟೈ ಸಾಹೇಬ ಹೆಮ್ಮೆಯಿಂದ ಅವನ ಕಡೆ ನೋಡಿದ.

"ಕೇಳಿದ್ಯಾ? ಮನೇಲಿರೋರೇ ಹೇಳ್ತಿದಾರೆ," ಎಂದು ಮಾವ ಟೇಪು ಸುತ್ತಿ ಜೇಬಿಗಿಟ್ಟರು. "ನೀನು ಇಲ್ಲೇ ಸುಧಾರಿಸ್ಕೋ. ಕೆಳಗೆ ಇವರ ಜೊತೆ ಸ್ವಲ್ಪ ಮಾತಾಡಿ ಬರ್ತೀನಿ." ಹೋಗುವಾಗ ಮತ್ತೊಮ್ಮೆ ಅಳಿಯನಿಗೆ ಕಣ್ಣು ಮಿಟುಕಿಸಿದರು.

ಅವರ ಹೆಜ್ಜೆ ಸದ್ದು ಮೆಟ್ಟಿಲಿಳಿದು ಹೋಯಿತು. ಈಗ ನಿಜ ಹೇಳಿದರೆ ಇವತ್ತೇ ಬೀದಿ, ವಾರದಲ್ಲಿ ಪರೀಕ್ಷೆ. ಹೇಳದಿದ್ದರೆ ಮಾವನ ಇಡೀ ಜನ್ಮ ಈ ರಟ್ಟಿನ ಟೀವಿಯ ಮುಂದೆ ಹೋಗುತ್ತದೆ. ಎದುರಿಗೆ ಅತ್ತೆ ಮುಗ್ಧವಾಗಿ ಮೇಣದ ಹಣ್ಣಿನ ಬುಟ್ಟಿಯಿಂದ ಒಂದನ್ನೆತ್ತಿ ಒರೆಸುತ್ತಿದ್ದರು.

"ಅತ್ತೆ, ಅದನ್ನ ಕಚ್ಚಬೇಡಿ!" ಎಂದು ಕಿರುಚಿದ.

"ಯಾಕೋ? ಒಂದು ಹಣ್ಣಿಗೂ ಹೀಗಾಡ್ತೀಯಲ್ಲೋ. ನಿನ್ನ ಎತ್ತಿ ಆಡಿಸಿದೋಳು ನಾನು."

"ಅದು ಹಣ್ಣಲ್ಲ ಅತ್ತೆ. ಅದು ಟೀವಿ ಅಲ್ಲ. ಇದು ಮನೇನೇ ಅಲ್ಲ!" ಅವನು ಓಡಿಹೋಗಿ ನಲ್ಲಿ ತಿರುಗಿಸಿದ. ನಲ್ಲಿ ಕೈಗೇ ಕಿತ್ತು ಬಂತು. ಫ್ರಿಜ್ಜಿನ ಬಾಗಿಲು ತೆಗೆದ, ಹಿಂದಿನ ಗೋಡೆ ಕಂಡಿತು. ಮಂಚದ ಮೇಲೆ ಮಲಗಿ ಕಾಲು ನೀಡಿ ತೋರಿಸಿದ, ಮೊಣಕಾಲಿನಿಂದ ಕೆಳಗೆ ಎಲ್ಲ ಹೊರಗೆ. ಮಲಗಿದಲ್ಲೇ ಅಳುತ್ತಾ ರಕ್ತದಾನದಿಂದ ಹಿಡಿದು ಫೋಟೋದವರೆಗೆ ಎಲ್ಲವನ್ನೂ ಹೇಳಿದ.

ಅತ್ತೆ ಪೂರ್ತಿ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ರೀ... ರೀ..." ಎಂದು ಕೂಗುತ್ತಾ ಮೆಟ್ಟಿಲ ಕಡೆ ಓಡಿದರು. ಆದರೆ ಮೆಟ್ಟಿಲ ತಿರುವಿನಲ್ಲಿಯೇ ಮಾವ ಏದುಸಿರು ಬಿಡುತ್ತಾ ಮೇಲೆ ಬರುತ್ತಿದ್ದರು. ಮುಖದಲ್ಲಿ ಮದುಮಗನ ಕಳೆ.

"ಮುಗಿಸಿಬಿಟ್ಟೆ ಕಣೇ! ಮಧ್ಯಾಹ್ನ ಇನ್ಯಾರೋ ಬರೋರಿದ್ರಂತೆ, ಕಾಯೋಕಾಗುತ್ತಾ? ಫೋನಿನಲ್ಲೇ ಪೂರ್ತಿ ದುಡ್ಡು ಕಳಿಸಿಬಿಟ್ಟೆ. ಪೂರ್ತಿ ಕೊಟ್ರೆ ಆ ನ್ಯಾಯಾಧೀಶರಿಗೆ ಬೇರೆ ಮನೆ ಕೊಟ್ಟು ನಮಗೆ ಈ ಮನೇನೇ ಕೊಡ್ತೀನಿ ಅಂದ, ಅಳಿಯ ಇರೋ ಮನೇನೇ!"

ಅತ್ತೆ ಅಲ್ಲೇ, ಕಟಕಟೆಯಿಲ್ಲದ ಮೆಟ್ಟಿಲ ಮೇಲೆ ಕುಸಿದು ಕೂತರು.

ಮಾವನಿಗೆ ಎಲ್ಲವನ್ನೂ ಮತ್ತೆ ತೋರಿಸಬೇಕಾಯಿತು. ಅವರು ಕಿತ್ತು ಬಂದ ನಲ್ಲಿಯನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು. ಟೇಪು ತೆಗೆದು ಮಂಚವನ್ನು ಅಳೆದರು, ಸೋಫಾವನ್ನು ಅಳೆದರು. ಗೋಡೆಗಳನ್ನು ಮಾತ್ರ ಅಳೆದು ಸಾಮಾನನ್ನು ಬಿಟ್ಟಿದ್ದಕ್ಕೆ ತಮ್ಮ ಮೇಲೆ ತಾವೇ ಸಿಟ್ಟಾದವರಂತೆ ಕಂಡರು. ತನ್ನನ್ನು ಬೈಯುತ್ತಾರೆಂದು ಕೊನೇಸ್ಟಾಪ ಕಾದ. ಎರಡು ಬಿಟ್ಟಿದ್ದರೂ ಹಾಯಾಗಿರುತ್ತಿತ್ತು. ಅವರು ಬೈಯಲಿಲ್ಲ. "ನೀನು ಹೇಳಿದ್ಯಲ್ಲೋ ನೀರಿದೆ ಅಂತ," ಎಂದರು, ಅಷ್ಟೇ.

ಟೈ ಸಾಹೇಬನನ್ನು ಕರೆಸಿದರು. ಅವನು ಬಂದ, ನೋಡಿದ, ಏನೂ ಗಾಬರಿಯಾಗಲಿಲ್ಲ. ಇಂಥದ್ದನ್ನು ಅವನು ಮೊದಲೂ ಕಂಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ದುಡ್ಡು ವಾಪಸ್ ಕೊಡು," ಎಂದರು ಮಾವ.

"ಸಾರ್, ಅದು ಈಗಾಗ್ಲೇ ಬಿಲ್ಡರ್ ಹತ್ರ ಹೋಯ್ತು. ಅವರ ಹತ್ರ ಹೋಗಿದ್ದು ವಾಪಸ್ ಬಂದಿದ್ದು ನಾನು ನೋಡಿಲ್ಲ. ಕೋರ್ಟಿಗೆ ಹೋಗಿ ಬೇಕಾದ್ರೆ, ಹೋದೋರು ಇನ್ನೂ ಅಲ್ಲೇ ಇದಾರೆ." ಅವನು ದನಿ ತಗ್ಗಿಸಿದ. ಈಗ ಅದರಲ್ಲಿ ಮಾರಾಟದ ಬೆಣ್ಣೆಯಿರಲಿಲ್ಲ. "ಸಾರ್, ನನಗೇ ಆರು ತಿಂಗಳಿಂದ ಸಂಬಳ ಆಗಿಲ್ಲ. ಒಂದು ಮಾತು ನಿಜ ಹೇಳ್ತೀನಿ. ಇನ್ನೊಂದು ನಾಕು ಮನೆ ಹೋದ್ರೆ ಪೈಪು ಹಾಕಿಸ್ತಾರೆ, ಲಿಫ್ಟು ಹಾಕಿಸ್ತಾರೆ, ಕಟ್ಟಡ ಮುಗಿಯುತ್ತೆ. ಹೋಗ್ಲಿಲ್ಲಾ ಅಂದ್ರೆ ಹೀಗೇ ನಿಲ್ಲುತ್ತೆ."

"ಮಧ್ಯಾಹ್ನ ಯಾರೋ ಬರ್ತಾರೆ ಅಂದ್ಯಲ್ಲ, ಅದೂ ಸುಳ್ಳಾ?"

"ಇಲ್ಲ ಸಾರ್, ಅದು ನಿಜ."

ನಿಜವೇ ಆಗಿತ್ತು. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಟೈ ಸಾಹೇಬ ಟೈ ಸರಿಮಾಡಿಕೊಂಡು ಇಳಿದುಹೋದ. ಮನೆಯೊಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಅತ್ತೆ ಕಣ್ಣೊರೆಸಿಕೊಂಡು, "ಬರ್ಲಿ, ಬರೋರಿಗೆ ನಾನೇ ಹೇಳ್ತೀನಿ. ಇನ್ನೊಂದು ಸಂಸಾರ ಹಾಳಾಗೋದು ಬೇಡ," ಎಂದರು. ಮಾವ ಕಿತ್ತು ಬಂದಿದ್ದ ನಲ್ಲಿಯನ್ನು ಗೋಡೆಯ ತೂತಿಗೆ ಮೆಲ್ಲಗೆ ಸಿಕ್ಕಿಸಿ, ನೆಟ್ಟಗಿದೆಯೇ ಎಂದು ಹಿಂದೆ ಸರಿದು ನೋಡಿದರು.

ಬಂದವರು ಮಧ್ಯವಯಸ್ಸಿನ ಗಂಡ ಹೆಂಡತಿ. ಮೂರು ಅಂತಸ್ತು ಹತ್ತಿ ಆ ಹೆಂಗಸಿಗೆ ಉಸಿರು ಸಿಗುತ್ತಿರಲಿಲ್ಲ. ಟೈ ಸಾಹೇಬ ಬಾಗಿಲಲ್ಲೇ ನಿಂತ. ಪಾಠ ಶುರು ಮಾಡುವ ಧೈರ್ಯ ಅವನಿಗೂ ಬರಲಿಲ್ಲ. ಜೀವಮಾನದಲ್ಲಿ ಒಂದು ಗ್ರಾಂ ಅತ್ತಿತ್ತ ಮಾಡಲು ಯಾರನ್ನೂ ಬಿಡದಿದ್ದ ಮಾವ ಎರಡು ಹೆಜ್ಜೆ ಮುಂದೆ ಬಂದು ಕೈ ಜೋಡಿಸಿದರು.

"ಬನ್ನಿ, ಬನ್ನಿ. ನಾವೂ ಇಲ್ಲೇ ಮನೆ ತಗೊಂಡಿದೀವಿ. ಅಳತೆಯಲ್ಲಿ ಒಂದು ಚೂರೂ ಮೋಸ ಇಲ್ಲ, ನಾನೇ ಅಳೆದು ನೋಡಿದೀನಿ."

ಕೊನೇಸ್ಟಾಪ ಸೋಫಾದಲ್ಲಿ ಕೂತು ಪುಸ್ತಕ ಬಿಡಿಸಿದ. ಅಕ್ಷರಗಳು ಕಾಣುತ್ತಿರಲಿಲ್ಲ.

"ಅಮ್ಮಾ," ಎಂದಳು ಬಂದ ಹೆಂಗಸು ಅತ್ತೆಯ ಕಡೆ ತಿರುಗಿ, "ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ?"

ಅತ್ತೆ ಅವಳನ್ನು ನೋಡಿದರು. ಗಂಡನನ್ನು ನೋಡಿದರು. ಗಂಡ ನೆಲ ನೋಡುತ್ತಿದ್ದರು. ಅತ್ತೆ ತಮ್ಮ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದರು. ಬಸ್ಸಿನ ಪ್ರಯಾಣಕ್ಕೆಂದು ಮನೆಯಿಂದ ತುಂಬಿಸಿ ತಂದಿದ್ದ ಬಾಟಲಿಯ ನೀರನ್ನು, ಸದ್ದಾಗದಂತೆ, ಷೋಕಿಗೆಂದು ಜೋಡಿಸಿಟ್ಟಿದ್ದ ಗಾಜಿನ ಲೋಟಕ್ಕೆ ಬಗ್ಗಿಸಿದರು. ಹೊರಗೆ ತಂದು ಕೊಟ್ಟರು.

ಆ ಹೆಂಗಸು ಗಟಗಟನೆ ಕುಡಿದಳು. ಲೋಟ ಕೆಳಗಿಳಿಸಿ, ಗಂಡನ ಕಡೆ ನೋಡಿ ನಿರಾಳವಾಗಿ ನಕ್ಕಳು.

"ನೀರು ಎಷ್ಟು ಸಿಹಿಯಾಗಿದೆ ಗೊತ್ತಾ, ಇದನ್ನೇ ತಗೊಂಡುಬಿಡೋಣ ಕಣ್ರೀ."